ಬೀಗ ಬಿದ್ದ ಮನೆಗಳಿರುವಾಗ ಹೊಸ ಬಡಾವಣೆ ಏಕೆ?
ತಮ್ಮ ಪಟ್ಟಣದಲ್ಲಿ ಹಳೆಯ ಮನೆಗಳಿಗೆ ಬೀಗ ಬಿದ್ದಿರುವಾಗ ಊರಾಚೆ ಹೊಸ ಆಶ್ರಯ ಬಡಾವಣೆ ಏಕೆ ಬೇಕೆಂದು ಕೇಳಿದ್ದೀರಿ, ಪ್ರಶ್ನೆ ನ್ಯಾಯವಾದದ್ದೇ. 2011ರ ಜನಗಣತಿಯಂತೆ ದೇಶದ ನಗರಗಳಲ್ಲಿಯೇ ಸುಮಾರು 1.1 ಕೋಟಿ ಮನೆಗಳು ಖಾಲಿಯಿದ್ದವು.

ದೊಡ್ಡ ತೊಡಕು ಇರುವುದು ಖಾತೆಯಲ್ಲಿ. ಅಜ್ಜನ ಹೆಸರಿನಲ್ಲೇ ಉಳಿದು, ಪಾಲಾಗದೆ, ವಾರಸುದಾರರು ಬೇರೆ ಬೇರೆ ಊರು ಸೇರಿರುವ ಮನೆಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವುದು ಬಹಳ ಕಷ್ಟ. ಆದ್ದರಿಂದ ಪುರಸಭೆಯು ಮೊದಲು ವಾರಸಾ ಖಾತೆ ಬದಲಾವಣೆಗೆ ನೆರವಾಗಲಿ. ಗೋಡೆ, ತಳಪಾಯ ಗಟ್ಟಿಯಿದ್ದು ರೀಪು, ಹೆಂಚು ಮಾತ್ರ ಹಾಳಾಗಿದ್ದರೆ ದುರಸ್ತಿಯೇ ಲೇಸು, ಏಕೆಂದರೆ ಅಲ್ಲಿ ನಲ್ಲಿ, ಚರಂಡಿ, ಶಾಲೆ ಎಲ್ಲವೂ ಹತ್ತಿರವಿರುತ್ತವೆ. ತಳಪಾಯವೇ ಕುಸಿದಿದ್ದರೆ ಆ ಮಾತಿಲ್ಲ.

ದುಡಿಮೆಯ ಸ್ಥಳದಿಂದ ದೂರ ಕಟ್ಟಿದ ಹೊಸ ಮನೆಗಳೂ ಖಾಲಿ ಉಳಿಯುತ್ತವೆ. ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡಲು ಕೇಂದ್ರ ಸರ್ಕಾರ 2020ರಲ್ಲಿ ಯೋಜನೆಯನ್ನೇ ತರಬೇಕಾಯಿತು. ನಿವೇಶನವೇ ಇಲ್ಲದ ಕುಟುಂಬಗಳಿಗೆ ಮಾತ್ರ ಹೊಸ ಮನೆ ಬೇಕೇ ಬೇಕು, ಅದೂ ಊರೊಳಗೆ.