ಮಳೆಗಾಲದಲ್ಲಿ ಕಟ್ಟಿದ ಗಿಟಾರು ಮಾರ್ಚಿನಲ್ಲಿ ಸೀಳಿದೆ. ಮರ ಕಳಪೆಯಿತ್ತೇ?

ಮರದ್ದೇನೂ ತಪ್ಪಿಲ್ಲ. ಜುಲೈನಲ್ಲಿ ಬ್ರೇಸ್ (ಹಲಗೆಗೆ ಬಲ ಕೊಡಲು ಒಳಗಿನಿಂದ ಅಂಟಿಸುವ ಮರದ ಪಟ್ಟಿ) ಅಂಟಿಸಿದ್ದಾಗಿ ಬರೆದಿದ್ದೀರಿ. ಕಾರಣ ಅದೇ.

ಮರ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಗಾಳಿಯ ಆರ್ದ್ರತೆ ಶೇ. 80 ಇದ್ದಾಗ ಮರದಲ್ಲಿ ಸುಮಾರು ಶೇ. 16 ತೇವ ಇರುತ್ತದೆ, ಗಾಳಿ ಶೇ. 40ಕ್ಕೆ ಒಣಗಿದರೆ ಅದು ಶೇ. 8ರ ಹತ್ತಿರ ಬರುತ್ತದೆ. ಇಷ್ಟಕ್ಕೇ ಗಿಟಾರಿನ ಮುಂಭಾಗದ, 400 ಮಿ.ಮೀ. ಅಗಲದ ಸ್ಪ್ರೂಸ್ (ಪೈನ್ ಜಾತಿಯ ಮೆದು ಮರ) ಹಲಗೆ 4 ಮಿ.ಮೀ.ಗೂ ಹೆಚ್ಚು ಕಿರಿದಾಗುತ್ತದೆ. ಅದಕ್ಕೆ ಅಡ್ಡಲಾಗಿ ಅಂಟಿರುವ ಬ್ರೇಸ್ ಮಾತ್ರ ಉದ್ದದಲ್ಲಿ ಕುಗ್ಗುವುದಿಲ್ಲ. ಎರಡರ ಎಳೆದಾಟದಲ್ಲಿ ಎರಡೂವರೆ ಮಿ.ಮೀ. ದಪ್ಪದ ಹಲಗೆ ಮೊದಲು ಉಬ್ಬು ಕಳೆದುಕೊಂಡು ತಗ್ಗುತ್ತದೆ (ತಂತಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ, ತಾಗಿ ಗರಗರ ಅನ್ನತೊಡಗುವುದು ಆಗಲೇ), ಆಮೇಲೆ ಸೀಳುತ್ತದೆ. ಹಿಂಭಾಗದ ಬೀಟೆ ಇಷ್ಟು ಕುಗ್ಗದು, ಆದರೂ 3 ಮಿ.ಮೀ. ಹತ್ತಿರ ಹೋಗುತ್ತದೆ.

ಮುಂದಿನ ಗಿಟಾರಿಗೆ ಬ್ರೇಸ್ ಅಂಟಿಸುವುದರಿಂದ ಹಿಡಿದು ಪೆಟ್ಟಿಗೆ ಮುಚ್ಚುವವರೆಗೆ ಹಲಗೆಗಳು ಶೇ. 42ರಿಂದ 48ರ ಆರ್ದ್ರತೆಯಲ್ಲೇ ಇರಲಿ. ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಇಲ್ಲದಿದ್ದರೆ ಮುಚ್ಚಿದ ಕಪಾಟಿನ ತಳದಲ್ಲಿ 60 ವ್ಯಾಟಿನ ಹಳೇ ತಂತಿ ಬಲ್ಬು ಸಾಕು, ಮರದಿಂದ ಒಂದಡಿ ದೂರ. ಎಲ್‌ಇಡಿ ಇಟ್ಟರೆ ಬೆಳಕಷ್ಟೇ ಸಿಗುತ್ತದೆ! ಹೊರಗೆ 25 ಡಿಗ್ರಿ, ಶೇ. 80 ಇದ್ದರೆ ಒಳಗೆ 35 ಡಿಗ್ರಿಗೆ ಏರಿದಾಗ ಆರ್ದ್ರತೆ ಶೇ. 45ಕ್ಕೆ ಇಳಿಯುತ್ತದೆ. ಹಲಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ನಾಲ್ಕೈದು ದಿನ ತೂಕ ಬದಲಾಗದಿದ್ದರೆ ಹದಕ್ಕೆ ಬಂದಿದೆ ಎಂದರ್ಥ. ಹೊರತೆಗೆದು ಕೂಡಲೇ ಅಂಟಿಸಿ ಕ್ಲಾಂಪ್ ಹಾಕಿ, ಕ್ಲಾಂಪ್ ಸಮೇತ ಮತ್ತೆ ಕಪಾಟಿಗೆ. ತೀರಾ ಒಣಗಿಸಲೂಬೇಡಿ. ಶೇ. 35ಕ್ಕಿಂತ ಕೆಳಗೆ ಕಟ್ಟಿದ್ದು ಮಳೆಗಾಲದಲ್ಲಿ ಉಬ್ಬಿ ತಂತಿಗಳನ್ನು ಮೇಲೆತ್ತುತ್ತದೆ.

ಅಗ್ಗದ ಆರ್ದ್ರತೆ ಮೀಟರ್ ಹತ್ತು ಅಂಕ ತಪ್ಪು ತೋರಿಸುವುದೂ ಉಂಟು. ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕಲಸಿ, ಮೀಟರ್ ಜೊತೆ ಡಬ್ಬಿಯಲ್ಲಿ ಒಂದು ರಾತ್ರಿ ಬಿಗಿಯಾಗಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ವ್ಯತ್ಯಾಸವಿದ್ದರೆ ಮೀಟರ್ ಮೇಲೇ ಬರೆದಿಡಿ.

ಈಗಿರುವ ಸೀಳಿಗೆ: ತಂತಿ ಸಡಿಲಿಸಿ, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು ಗಿಟಾರಿನೊಳಗೆ ಇಳಿಬಿಡಿ, ಸೌಂಡ್‌ಹೋಲ್ (ಮುಂಭಾಗದ ದುಂಡು ತೂತು) ಮುಚ್ಚಿ. ಒಂದೆರಡು ವಾರದಲ್ಲಿ ಸೀಳು ತಾನೇ ಕೂಡಿಕೊಳ್ಳಬಹುದು. ಆಗ ಬಿಸಿ ಹೈಡ್ ಗ್ಲೂವನ್ನು (ಪ್ರಾಣಿಯ ಚರ್ಮದಿಂದ ಮಾಡಿದ ಅಂಟು) ಬೆರಳಿನಿಂದ ಒತ್ತಿ ಒಳಗಿಳಿಸಿ, ಮೇಲಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗಿನಿಂದ 15 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಸ್ಪ್ರೂಸ್ ತುಂಡುಗಳನ್ನು, ಎಳೆ ಸೀಳಿಗೆ ಅಡ್ಡ ಬರುವಂತೆ, 5 ಸೆಂ.ಮೀ.ಗೊಂದರಂತೆ ಅಂಟಿಸಿ. ಸೂಪರ್ ಗ್ಲೂ ಬೇಡ, ಸ್ಪ್ರೂಸಿಗೆ ಇಳಿದ ಕಲೆ ಹೋಗುವುದಿಲ್ಲ. ಶೇ. 50ರ ಆರ್ದ್ರತೆಯಲ್ಲೂ ಸೀಳು ಕೂಡದಿದ್ದರೆ ಕ್ಲಾಂಪ್ ಹಾಕಿ ಬಲವಂತ ಮಾಡಬೇಡಿ, ಪಕ್ಕದಲ್ಲೇ ಇನ್ನೊಂದು ಬಿಡುತ್ತದೆ. ಸಂದಿಗೆ ಸ್ಪ್ರೂಸಿನದೇ ತೆಳ್ಳನೆ ಸೀಳುಕಡ್ಡಿ ಕೂರಿಸಿ.