ಪದಜಿಜ್ಞಾಸೆ: ‘ಧಿಕ್ಕಾರ’ ಎಲ್ಲಿಂದ ಬಂತು?

ಪ್ರಶ್ನೆ: ಪ್ರತಿಭಟನೆಗಳಲ್ಲಿ ‘ಧಿಕ್ಕಾರ, ಧಿಕ್ಕಾರ’ ಎಂಬ ಘೋಷಣೆ ಕೇಳಿಬರುತ್ತದೆ, ಪತ್ರಿಕೆಗಳಲ್ಲಿ ‘ನಿಷೇಧಾಜ್ಞೆ ಧಿಕ್ಕರಿಸಿ ಮೆರವಣಿಗೆ’ ಎಂದು ಓದುತ್ತೇವೆ. ಮೊದಲನೆಯದರಲ್ಲಿ ನಿಂದೆಯ ಅರ್ಥವಿದ್ದರೆ ಎರಡನೆಯದರಲ್ಲಿ ಮೀರುವ ಅರ್ಥವಿದೆ. ಈ ಪದದ ಮೂಲವೇನು? ‘ತಿರಸ್ಕಾರ’ಕ್ಕೂ ಇದಕ್ಕೂ ಇರುವ ವ್ಯತ್ಯಾಸವೇನು? ಕೆಲವರು ‘ದಿಕ್ಕಾರ’ ಎಂದು ಬರೆಯುವುದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡಬಹುದು. ‘ಧಿಕ್ಕಾರ’ ಎಂಬ ಮಹಾಪ್ರಾಣದ ರೂಪವೇ ಸರಿ. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವುದರಿಂದ ಬ್ಯಾನರುಗಳಲ್ಲಿ ‘ದಿಕ್ಕಾರ’ ಕಾಣಿಸಿಕೊಳ್ಳುತ್ತದೆಯೇ ಹೊರತು, ‘ದಿಕ್ಕು’ ಎಂಬ ಪದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಪದದ ಮೂಲ ಸಂಸ್ಕೃತದ ‘ಧಿಕ್’ ಎಂಬ ಅವ್ಯಯ. ಅಮರಕೋಶವು ‘ಧಿಙ್ ನಿರ್ಭರ್ತ್ಸನನಿಂದಯೋಃ’ ಎಂದು ಅದಕ್ಕೆ ಎರಡು ಅರ್ಥಗಳನ್ನು ಹೇಳುತ್ತದೆ: ಒಂದು ಗದರಿಕೆ, ಇನ್ನೊಂದು ನಿಂದೆ. ಕನ್ನಡದಲ್ಲಿ ‘ಛೀ’, ‘ಥೂ’ಗಳು ಮಾಡುವ ಕೆಲಸವನ್ನೇ ಅದು ಸಂಸ್ಕೃತದಲ್ಲಿ ಮಾಡುತ್ತದೆ. ಅಲ್ಲಿ ನಿಂದೆಗೆ ಗುರಿಯಾದವರು ದ್ವಿತೀಯಾ ವಿಭಕ್ತಿಯಲ್ಲಿ ಬರುತ್ತಾರೆ. ಭರ್ತೃಹರಿಯ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಯವೊಂದು ‘ಧಿಕ್ ತಾಂ ಚ ತಂ ಚ ಮದನಂ ಚ ಇಮಾಂ ಚ ಮಾಂ ಚ’ ಎಂದು ಮುಗಿಯುತ್ತದೆ. ಅವಳನ್ನು, ಅವನನ್ನು, ಮನ್ಮಥನನ್ನು, ಇವಳನ್ನು, ಕಡೆಗೆ ತನ್ನನ್ನೂ ಬಿಡದೆ ಒಂದೇ ‘ಧಿಕ್’ ಸುತ್ತಿಹಾಕಿದೆ. ಕನ್ನಡಕ್ಕೆ ಬಂದ ಮೇಲೆ ನಾಮಪದವು ಚತುರ್ಥಿಯನ್ನು ಹಿಡಿಯಿತು. ‘ಭ್ರಷ್ಟಾಚಾರಕ್ಕೆ ಧಿಕ್ಕಾರ’ ಎನ್ನುತ್ತೇವೆ. ಕ್ರಿಯಾಪದ ಮಾತ್ರ ‘ಆದೇಶವನ್ನು ಧಿಕ್ಕರಿಸು’ ಎಂದು ದ್ವಿತೀಯೆಯಲ್ಲೇ ಉಳಿಯಿತು.

‘ಕಾರ’ ಸೇರಿದಾಗ ಆ ಧ್ವನಿಯನ್ನು ಉಚ್ಚರಿಸುವ ಕ್ರಿಯೆಗೆ ಹೆಸರಾಗುತ್ತದೆ. ಓಂಕಾರ, ಹೂಂಕಾರ, ಜಯಕಾರಗಳಂತೆ ಧಿಕ್ಕಾರವೆಂದರೆ ‘ಧಿಕ್’ ಎನ್ನುವುದು. ಜಯಕಾರ ಹಾಕುವವರು ‘ಜಯ’ ಎನ್ನುತ್ತಾರೆಯೇ ಹೊರತು ‘ಜಯಕಾರ’ ಎಂದು ಕೂಗುವುದಿಲ್ಲ. ಧಿಕ್ಕಾರ ಕೂಗುವವರು ಮಾತ್ರ ನಿಂದೆಯ ಬದಲು ನಿಂದೆಯ ಹೆಸರನ್ನೇ ಕೂಗುತ್ತಿದ್ದಾರೆ. ಬಳಕೆ ಗಟ್ಟಿಯಾಗಿರುವುದರಿಂದ ಇದನ್ನು ತಪ್ಪೆನ್ನಲಾಗದು.

ಆದರೆ ಈ ಪದದ ಹಳೆಯ ನೆಲೆ ಬೀದಿಯಲ್ಲ, ನ್ಯಾಯಸಭೆ. ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ಅರಸನು ಮೊದಲು ವಾಗ್ದಂಡ, ಅನಂತರ ಧಿಗ್ದಂಡ, ಮೂರನೆಯದಾಗಿ ಧನದಂಡ, ಆಮೇಲೆ ವಧದಂಡವನ್ನು ವಿಧಿಸಬೇಕೆಂಬ ಕ್ರಮವಿದೆ. ಎಂದರೆ ‘ಧಿಕ್’ ಎನಿಸಿಕೊಳ್ಳುವುದೇ ಒಂದು ಶಿಕ್ಷೆ. ಅದು ಬರಿಯ ಗದರಿಕೆಗಿಂತ ಮೇಲೆ, ಜುಲ್ಮಾನೆಗಿಂತ ಕೆಳಗೆ ನಿಲ್ಲುತ್ತದೆ. ಯಾಜ್ಞವಲ್ಕ್ಯಸ್ಮೃತಿಯೂ (ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದದ್ದು ಇದಕ್ಕೇ) ಧಿಗ್ದಂಡವನ್ನು ಶಿಕ್ಷೆಗಳ ಪಟ್ಟಿಯಲ್ಲಿ ಸೇರಿಸಿದೆ.

ಜೈನ ಪರಂಪರೆಯ ನಿರೂಪಣೆ ಇದಕ್ಕಿಂತ ಸ್ವಾರಸ್ಯಕರವಾಗಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ, ಮುಂದೆ ಪಂಪನ ಕನ್ನಡ ಕಾವ್ಯಕ್ಕೆ ಆಕರವಾದ ಆದಿಪುರಾಣದಲ್ಲಿ ಕುಲಕರರೆಂಬ ಆದಿಕಾಲದ ನಾಯಕರ ಪ್ರಸ್ತಾಪ ಬರುತ್ತದೆ. ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪು ಮಾಡಿದವನಿಗೆ ‘ಹಾ’ ಎಂದರೆ ಸಾಕಾಗುತ್ತಿತ್ತು. ಅಯ್ಯೋ, ಹೀಗೆ ಮಾಡಿದೆಯಾ ಎಂಬಷ್ಟೇ ಅದರ ಭಾವ. ಮುಂದಿನ ಐವರ ಕಾಲಕ್ಕೆ ಅದರ ಜೊತೆಗೆ ‘ಮಾ’, ಎಂದರೆ ‘ಬೇಡ’, ಎಂದೂ ಹೇಳಬೇಕಾಯಿತು. ಕೊನೆಯವರ ಕಾಲಕ್ಕೆ ‘ಹಾ’, ‘ಮಾ’ಗಳೂ ಸಾಲದೆ ‘ಧಿಕ್’ ಸೇರಿತು. ಕಾಲ ಕೆಡುತ್ತ ಹೋದುದನ್ನು ಮೂರೇ ಉದ್ಗಾರಗಳಲ್ಲಿ ಅಳೆದಿರುವ ಈ ಭಾಗದಲ್ಲಿ, ಒಂದು ಮಾತಿಗೇ ನಾಚಿ ತಿದ್ದಿಕೊಳ್ಳುವ ಜನರಿದ್ದರೆಂಬ ನಂಬಿಕೆಯೂ ಅಡಗಿದೆ.

ಈ ಬಳಕೆಗಳಲ್ಲೆಲ್ಲ ಧಿಕ್ಕಾರವು ಮೇಲಿನವರಿಂದ ಕೆಳಗಿನವರಿಗೆ, ಅಧಿಕಾರವುಳ್ಳವನಿಂದ ತಪ್ಪಿತಸ್ಥನಿಗೆ ಇಳಿದು ಬರುತ್ತದೆ. ಇಂದಿನ ಕನ್ನಡದಲ್ಲಿ ಅದು ತಿರುಗಿ ಮೇಲಕ್ಕೆ ಹೊರಟಿದೆ: ಜನರು ಸರ್ಕಾರಕ್ಕೆ ಧಿಕ್ಕಾರ ಕೂಗುತ್ತಾರೆ, ಕಾರ್ಮಿಕರು ಆಡಳಿತ ವರ್ಗಕ್ಕೆ ಕೂಗುತ್ತಾರೆ. ‘ಮೀರುವುದು’ ಎಂಬ ಅರ್ಥವೂ ಇಲ್ಲಿಂದಲೇ ಹುಟ್ಟಿರಬೇಕೆಂದು ನನ್ನ ಎಣಿಕೆ. ಕೆಳಗಿನವನನ್ನು ಹೀಗಳೆದರೆ ಅದು ನಿಂದೆಯಾಗಿ ಉಳಿಯುತ್ತದೆ; ಆಜ್ಞೆ ಮಾಡುವವನನ್ನೋ ಅವನ ಆಜ್ಞೆಯನ್ನೋ ಹೀಗಳೆದರೆ ಅದು ಅವಿಧೇಯತೆಯಾಗುತ್ತದೆ. ಹಾಗಾಗಿ ‘ಧಿಕ್ಕರಿಸು’ ಎಂಬುದಕ್ಕೆ ‘ಉಲ್ಲಂಘಿಸು’ ಎಂಬುದು ಪೂರ್ಣ ಪರ್ಯಾಯವಲ್ಲ. ಅರಿಯದೆ ನಿಯಮವನ್ನು ಉಲ್ಲಂಘಿಸಬಹುದು, ಅರಿಯದೆ ಧಿಕ್ಕರಿಸಲಾಗದು.

‘ತಿರಸ್ಕಾರ’ದ ಹುಟ್ಟು ಬೇರೆ. ‘ತಿರಸ್’ ಎಂದರೆ ಅಡ್ಡ, ಮರೆ. ತಿರಸ್ಕರಿಸುವುದೆಂದರೆ ಮೂಲದಲ್ಲಿ ಮರೆಮಾಡುವುದು, ಬದಿಗೆ ಸರಿಸುವುದು. ಪರದೆಗೆ ಸಂಸ್ಕೃತದಲ್ಲಿ ‘ತಿರಸ್ಕರಿಣೀ’ ಎಂಬ ಹೆಸರಿರುವುದು ಈ ಕಾರಣಕ್ಕೆ. ಧಿಕ್ಕಾರಕ್ಕೆ ದನಿ ಬೇಕು, ಎದುರಿಗೊಬ್ಬರು ಬೇಕು. ತಿರಸ್ಕಾರ ಮೌನವಾಗಿಯೇ ನಡೆಯಬಲ್ಲದು. ಕಚೇರಿಯವರು ನಮ್ಮ ಅರ್ಜಿಯನ್ನು ‘ತಿರಸ್ಕರಿಸು’ತ್ತಾರೆ, ‘ಧಿಕ್ಕರಿಸು’ವುದಿಲ್ಲ. ಇನ್ನು ನ್ಯಾಯಾಲಯದ ಆದೇಶವನ್ನು ಬೇಕೆಂದೇ ಧಿಕ್ಕರಿಸಿದರೆ ಅದಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ಹೆಸರು ‘ನ್ಯಾಯಾಂಗ ನಿಂದನೆ’. ಅಮರಕೋಶವು ‘ಧಿಕ್’ಗೆ ಹೇಳಿದ ಎರಡನೆಯ ಅರ್ಥವೇ ಅಲ್ಲಿ ನಿಂತಿದೆ.