ಹಿಡಿದುಕೊಂಡಿರುವುದು ಎಡ ಮೊಣಕಾಲು, ನೋಯುವುದು ಬಲಗಾಲು. ಏಕೆ?

ನಿಮ್ಮ ತಂದೆಯವರ ಎಡ ಮೊಣಕಾಲ ಚಿಪ್ಪು ಒಡೆದು ಪ್ಲಾಸ್ಟರ್ ಹಾಕಿದ್ದರು, ಮೂಳೆ ಕೂಡಿದೆ, ಆದರೆ ಕಾಲು 40 ಡಿಗ್ರಿಗಿಂತ ಹೆಚ್ಚು ಮಡಚುತ್ತಿಲ್ಲ. ಈಗ ಬಲಗಾಲಿನ ಮೀನಖಂಡ ಮತ್ತು ಎಡ ಟೊಂಕ ನೋಯತೊಡಗಿವೆ, ಇದು ಬೇರೆ ಕಾಯಿಲೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕಲಬುರಗಿಯ ಒಬ್ಬ ಗಣಿತದ ಮಾಸ್ತರ. ಹುಮನಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಇದೇ ಚಿಪ್ಪನ್ನು ಒಡೆದುಕೊಂಡವನು. ಆರು ವಾರದ ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಕಾಲು ಮಡಚಿದ್ದು 35 ಡಿಗ್ರಿ.

ನನ್ನ ನಡಿಗೆಯನ್ನು ಮೊದಲು ಸರಿಯಾಗಿ ಓದಿದವರು ಸೂಪರ್ ಮಾರ್ಕೆಟ್ ಬಳಿ ಚಪ್ಪಲಿ ಹೊಲಿಯುವ ಅಜ್ಜ. ಎಡ ಚಪ್ಪಲಿಯ ಮೂತಿ ತೇದುಹೋಗಿತ್ತು. ಬಲ ಚಪ್ಪಲಿಯ ಅಟ್ಟೆ ಬೆರಳುಗಳ ಬುಡದಲ್ಲಿ ಮಾತ್ರ ಕಾಗದದಷ್ಟು ತೆಳ್ಳಗಾಗಿ, ಹಿಮ್ಮಡಿಯಲ್ಲಿ ಹೊಸದರಂತೆಯೇ ಇತ್ತು. “ಒಂದು ಕಾಲು ಎಳೆಯುತ್ತೀರಿ, ಇನ್ನೊಂದರ ಮೇಲೆ ಜಿಗಿಯುತ್ತೀರಿ ಮಾಸ್ತರರೇ” ಎಂದರು.

ಸಮತಟ್ಟಾದ ನೆಲದಲ್ಲಿ ನಡೆಯುವಾಗಲೂ, ಪಾದ ಗಾಳಿಯಲ್ಲಿ ಮುಂದೆ ಸಾಗುವ ಹೊತ್ತಿಗೆ ಮೊಣಕಾಲು ಸುಮಾರು 60 ಡಿಗ್ರಿ ಮಡಚಿರುತ್ತದೆ. ಅಷ್ಟು ಮಡಚಿದರೂ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಉಳಿಯುವ ಜಾಗ ಒಂದೆರಡು ಸೆಂಟಿಮೀಟರ್. ಮಡಚದ ಕಾಲು ಆ ಕ್ಷಣಕ್ಕೆ ಉದ್ದವಾದ ಕಾಲು. ನಮ್ಮ ಮನೆಯ ಶಹಾಬಾದ್ ಪರಸಿಯಲ್ಲಿ ಒಂದು ಕಲ್ಲಿನ ಅಂಚು ಅರ್ಧ ಬೆರಳು ಎದ್ದಿದೆ. ಇಪ್ಪತ್ತು ವರ್ಷ ಅದರ ಮೇಲೆ ಓಡಾಡಿದ ನನಗೆ ಅದು ಗೊತ್ತಾದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ, ಎಡವಿ.

ತಂದೆಯವರ ಬಲ ಮೀನಖಂಡದ ನೋವು ಇಲ್ಲಿಂದಲೇ ಹುಟ್ಟಿರಬೇಕು ಎಂದು ನನ್ನ ಊಹೆ. ಎಡಗಾಲನ್ನು ದಾಟಿಸಲು ಅವರು ಪ್ರತಿ ಹೆಜ್ಜೆಗೂ ಬಲ ತುದಿಗಾಲಿನ ಮೇಲೆ ಏಳುತ್ತಿದ್ದಾರೆ. ಇಡೀ ಮೈಭಾರವನ್ನು ದಿನಕ್ಕೆ ಸಾವಿರಾರು ಸಲ ಒಂದೇ ಮೀನಖಂಡ ಎತ್ತಬೇಕು. ಅದೂ ಸಾಲದಾದಾಗ ಪಕ್ಕೆಲುಬಿನಿಂದ ಸೊಂಟದ ಮೂಳೆಗೆ ಇಳಿಯುವ ಸ್ನಾಯು ಎಡ ಸೊಂಟವನ್ನೇ ಮೇಲಕ್ಕೆ ಜಗ್ಗುತ್ತದೆ. ಬಲ ಪೃಷ್ಠದ ಪಕ್ಕದ ಸ್ನಾಯು ಅದಕ್ಕೆ ಕೈಜೋಡಿಸುತ್ತದೆ. ಟೊಂಕ ನೋಯದೆ ಇನ್ನೇನು? ಕೆಲವರು ಕಾಲನ್ನು ಹೊರಗೆ ಬೀಸಿ ಅರ್ಧಚಂದ್ರ ಬರೆಯುತ್ತ ಮುಂದಿಡುತ್ತಾರೆ. ನಾನು ಮೂರನ್ನೂ ಮಾಡುತ್ತಿದ್ದೆ, ತರಗತಿಯ ಹುಡುಗರು ಬೆನ್ನ ಹಿಂದೆ ಅನುಕರಿಸುವಷ್ಟು ಅಚ್ಚುಕಟ್ಟಾಗಿ.

ಹೀಗೆ ನಡೆಯುವವರಿಗೆ ಬೇಗ ಬರುವ ಸುಸ್ತಿಗೂ ಇದೇ ಕಾರಣ. ಸರಿಯಿರುವ ಮೊಣಕಾಲು ಮಡಚಲು ಹೆಚ್ಚು ಶ್ರಮ ಬೇಕಿಲ್ಲ. ಪಾದ ನೆಲವನ್ನು ಒದ್ದು ತೊಡೆ ಮುಂದೆ ಹೋದೊಡನೆ ಕೆಳಗಾಲು ತಾನಾಗಿ ಹಿಂದುಳಿದು ಮಡಚಿಕೊಳ್ಳುತ್ತದೆ. ಮೊಣಕಾಲು ಹಿಡಿದುಕೊಂಡರೆ ಆ ಪುಕ್ಕಟೆ ಕೆಲಸವೆಲ್ಲ ತೊಡೆಸಂದಿಯ ಸ್ನಾಯುವಿನ ಪಾಲಿಗೆ ಬರುತ್ತದೆ, ಉದ್ದನೆಯ ಗಳವನ್ನು ಒಂದೇ ತುದಿಯಲ್ಲಿ ಹಿಡಿದು ಎತ್ತಿದಂತೆ.

ಎಲ್ಲರೂ ‘ಎಷ್ಟು ಮಡಚುತ್ತದೆ’ ಎಂದೇ ಕೇಳುತ್ತಾರೆ. ಕಾಲು ಪೂರ್ತಿ ನೆಟ್ಟಗಾಗುತ್ತದೆಯೇ ಎಂಬುದನ್ನೂ ನೋಡಿ. ನನ್ನ ಮಟ್ಟಿಗೆ ಅದು ಇನ್ನೂ ಮುಖ್ಯ. ನೀವೇ ಸಡಿಲವಾಗಿ, ನೆಟ್ಟಗೆ ನಿಂತು ಮೊಣಕಾಲ ಚಿಪ್ಪನ್ನು ಎರಡು ಬೆರಳಲ್ಲಿ ಅಲುಗಾಡಿಸಿ: ಅತ್ತಿತ್ತ ಜಾರುತ್ತದೆ. ಈಗ ಕಾಲನ್ನು ತುಸು ಬಾಗಿಸಿ ನಿಲ್ಲಿ: ಚಿಪ್ಪು ಬಿಗಿದು ಕೂರುತ್ತದೆ. ತೊಡೆಯ ಮುಂಭಾಗದ ಸ್ನಾಯು ದುಡಿಮೆಗೆ ಇಳಿಯಿತು ಎಂದರ್ಥ. ನೆಟ್ಟಗಾಗಲು 15 ಡಿಗ್ರಿ ಬಾಕಿ ಇದ್ದರೂ ಬಸ್ಸಿಗೆ ಕಾಯುತ್ತ ನಿಂತಾಗಲೂ ಆ ಸ್ನಾಯುವಿಗೆ ಬಿಡುವಿಲ್ಲ. ಪ್ಲಾಸ್ಟರ್‌ನೊಳಗೆ ಸೊರಗುವುದೂ ಅದೇ ಸ್ನಾಯು. ದರ್ಜಿಯ ಟೇಪಿನಲ್ಲಿ ಅಳೆದಾಗ ನನ್ನ ಎಡ ತೊಡೆಯ ಸುತ್ತಳತೆ ಬಲಕ್ಕಿಂತ 3 ಸೆಂಟಿಮೀಟರ್ ಕಡಿಮೆಯಿತ್ತು.

ಪ್ಲಾಸ್ಟರ್ ಬಿಚ್ಚಿದ ಆಸ್ಪತ್ರೆಯಲ್ಲಿ “ನಡೆಯಿರಿ, ತಾನಾಗಿ ಸರಿಹೋಗುತ್ತದೆ” ಎಂದಿದ್ದರು. ಎರಡು ತಿಂಗಳು ನಡೆದೆ. ಕುಂಟುವುದು ಪಕ್ಕಾ ಆಯಿತು. ಆಮೇಲೆ ಫಿಸಿಯೋಥೆರಪಿಗೆ ಹೋದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಲಗಿ, ತೊಡೆಯನ್ನು ಬಿಗಿ ಹಿಡಿದು ಹತ್ತು ಎಣಿಸುವುದು ಮೊದಲ ಪಾಠ. ಮಡಚುವ ಪಾಠ ಕಣ್ಣೀರು ತರಿಸಿತು, ಅದನ್ನು ಬಿಡಿ. ನಾಲ್ಕು ತಿಂಗಳಿಗೆ 110 ಡಿಗ್ರಿ ಮುಟ್ಟಿದೆ. ಕುರ್ಚಿಗೂ ಮೆಟ್ಟಿಲಿಗೂ ಅಷ್ಟು ಸಾಕು. ಕುಕ್ಕರುಗಾಲಿನಲ್ಲಿ ಕೂರಲು 130ಕ್ಕೂ ಹೆಚ್ಚು ಬೇಕು, ಅದು ನನಗೆ ಇನ್ನೂ ಆಗಿಲ್ಲ.

ತಂದೆಯವರ ಕಾಲು ಸರಿಯಾಗಿ ಮಡಚುವವರೆಗೆ ಬಸ್ ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ಕೋಲು ಬಲಗೈಯಲ್ಲಿರಲಿ. ಕಾಲು ಇನ್ನು ಮಡಚುವುದೇ ಇಲ್ಲ ಎಂದು ಖಚಿತವಾದವರಿಗೆ ಒಳ್ಳೆಯ ಕಾಲಿನ ಚಪ್ಪಲಿಗೆ ಒಂದು ಸೆಂಟಿಮೀಟರ್ ಅಟ್ಟೆ ಕೂಡಿಸುವ ಉಪಾಯವಿದೆ. ಚಿಕಿತ್ಸಕರನ್ನು ಕೇಳದೆ ಮಾಡಬೇಡಿ. ಯಾವ ಕಾಲಿನದಾದರೂ ಸರಿ, ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ನನ್ನ ಊಹೆಯನ್ನು ಪಕ್ಕಕ್ಕಿಟ್ಟು ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ರಕ್ತ ಹೆಪ್ಪುಗಟ್ಟಿರಬಹುದು.

ಹಾಗೇನೂ ಇಲ್ಲದಿದ್ದರೆ ತಂದೆಯವರ ಎರಡೂ ಚಪ್ಪಲಿಗಳನ್ನು ಬೋರಲು ಹಾಕಿ ನೋಡಿ. ಯಾವುದು ಎಲ್ಲಿ ಸವೆದಿದೆ ಎಂದು ಇಲ್ಲೇ ಬರೆಯಿರಿ.